ಪದ್ದುವಿನ ಮೂಳೆ ಮುರಿದವರು ಯಾರು

ಬೀಜಾಡಿಯ ಅಣ್ಣಯ್ಯ ಶೆಟ್ಟರು ಯಾರ ಮಾತನ್ನೂ ಮೊದಲ ಸಲಕ್ಕೆ ನಂಬಿದವರಲ್ಲ. ನಮ್ಮ ಜಿಲ್ಲೆ ಮದ್ರಾಸಿನಿಂದ ಬೇರೆಯಾಗಿ ಮೈಸೂರಿಗೆ ಸೇರಿದ ವರ್ಷ, ಅಂದರೆ ಐವತ್ತಾರರಲ್ಲಿ, ನಾನು ಕೋಟೇಶ್ವರದ ಶಾಲೆಗೆ ಮೇಷ್ಟ್ರಾಗಿ ಬಂದೆ. ಶೆಟ್ಟರ ಮನೆಯ ಪಕ್ಕದ ಚಾವಡಿಯಲ್ಲಿ ಬಿಡಾರ ಸಿಕ್ಕಿತು. ಮೊದಲ ದಿನವೇ ಅವರು ನನ್ನನ್ನು, "ನಿಮ್ಗೆ ಹಿಂದಿನ ಶಾಲಿಂದ ವರ್ಗ ಆದದ್ದಾ, ಇಲ್ಲ ಅವ್ರೇ ಓಡ್ಸದ್ದಾ?" ಎಂದು ಕೇಳಿದರು. ನಾನು ವರ್ಗದ ಆದೇಶ ತೋರಿಸಿದ ಮೇಲೆಯೇ ಕೊಡ ನೀರು ಸೇದಿಕೊಳ್ಳಲು ಬಾವಿ ತೋರಿಸಿದ್ದು.

ಅವರಿಗೆ ಐದಾರು ಮುಡಿ ಗದ್ದೆಯಿತ್ತು. ಅದರ ಜೊತೆಗೆ ಸೋದರಮಾವನಿಂದ ಕಲಿತ ಒಂದು ವಿದ್ಯೆ, ಮುರಿದ ಮೂಳೆ ಕಟ್ಟುವುದು. ಬಿದಿರಿನ ದಬ್ಬೆ, ಹಳೆ ಸೀರೆಯ ಪಟ್ಟಿ, ಉದ್ದಿನ ಹಿಟ್ಟಿಗೆ ಕಲಸಿದ ಮೊಟ್ಟೆಯ ಬಿಳಿ, ಒಂದು ಬಾಟಲಿ ಎಣ್ಣೆ. ಅವರ ಬಳಿ ಇದ್ದದ್ದು ಇಷ್ಟೇ. ದುಡ್ಡು ಮುಟ್ಟುತ್ತಿರಲಿಲ್ಲ. ಆದರೆ ರೋಗಿಯ ಮಾತನ್ನು ಕೇಳುವಾಗ ಅವರ ಮುಖ ನೋಡಿದರೆ ಠಾಣೆಯ ದಫೇದಾರನ ನೆನಪಾಗುತ್ತಿತ್ತು.

ಒಮ್ಮೆ ತೆಕ್ಕಟ್ಟೆ ಕಡೆಯವರೊಬ್ಬರು ತಮ್ಮ ಅಳಿಯನನ್ನು ಕರೆತಂದು, ತೆಂಗಿನ ಮರದಿಂದ ಬಿದ್ದ ಎಂದರು. ಶೆಟ್ಟರು ಮುಂಗೈ ಮೇಲೆ ಎರಡು ಬೆರಳು ಹಾಯಿಸಿ ಕೈ ಬಿಟ್ಟರು.

"ಮರದಿಂದ ಬಿದ್ದವ ನೆಲಕ್ಕೆ ಕೈ ಊರ್ತ. ಆಗ ಮಣಿಕಟ್ಟ್ ಮುರೀತ್. ಇದ್ ಮುಂಗೈ ನಡೂಕೆ ಮುರ್ದದ್ದ್. ತಲೆ ಉಳ್ಸ್ಕಂಬುಕೆ ಕೈ ಅಡ್ಡ ಹಿಡ್ದಿದ್ದ. ಬಡ್ದದ್ದ್ ಯಾರ್ ಅಂತ ಹೇಳಿ, ಮತ್ತೆ ಕಟ್ತೆ."

ಬಡಿದದ್ದು ಆ ಮಾವನೇ. ಆ ಸುದ್ದಿ ಊರೆಲ್ಲ ಹಬ್ಬಿದ ಮೇಲೆ ಶೆಟ್ಟರ ಬೆರಳಿಗೆ ಸುಳ್ಳು ಹೇಳಲಾಗದು ಎಂಬ ಮಾತು ಹುಟ್ಟಿಕೊಂಡಿತು. ಜಗಳ ತೀರ್ಮಾನಿಸುವ ಹಿರಿಯರು ಕೂಡ ಅವರನ್ನು ಕರೆಸಿ ಕೇಳುತ್ತಿದ್ದರು. ಶೆಟ್ಟರು ಅದನ್ನು ನಂಬಿದರು. ಬೇರೆ ಯಾರನ್ನೂ ನಂಬದವರು ತಮ್ಮ ಬೆರಳನ್ನು ಮಾತ್ರ ಪೂರ್ತಿ ನಂಬಿದರು.

ಅರವತ್ತಮೂರರ ಮಳೆಗಾಲ ಕಳೆದು, ಹತ್ತಾರು ಜನ ಸೇರಿ ದಡದಿಂದ ಎಳೆಯುವ ರಂಪಣಿ ಬಲೆ ಬೀಸಲು ಶುರುವಾದ ಹೊತ್ತಿಗೆ ಪದ್ದು ಬಂದಳು. ಕಡಲ ಬದಿಯ ಬಚ್ಚನ ಹೆಂಡತಿ. ಮೂವತ್ತು ದಾಟಿರಲಿಲ್ಲ. ಬುಟ್ಟಿ ಹೊತ್ತು ಕುಂದಾಪುರದವರೆಗೂ ನಡೆದು ಮೀನು ಮಾರುವ ಗಟ್ಟಿ ಹೆಂಗಸು. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದಳು. ಹಿಂದೆ ಬಚ್ಚ ನಿಂತಿದ್ದ.

"ಬಂಗುಡೆ ಬುಟ್ಟಿ ಎತ್ತಿ ತಲೆ ಮೇಲೆ ಇಡುವತಿಗೆ ಕೈಯಂಗೆ ಚಟ್ ಅಂತ್," ಎಂದಳು.

ಶೆಟ್ಟರು ಬೆರಳು ಹಾಯಿಸಿದರು. ಮುಂಗೈಯ ನಡುವೆ ಮುರಿದಿತ್ತು. ಅವರು ಬಚ್ಚನ ಕಡೆ ನೋಡಿದರು. ಕಟ್ಟಿ ಕಳಿಸಿದರು. ಗಂಡ ಹೆಂಡತಿ ಹೋದ ಮೇಲೆ ನನ್ನ ಬಳಿ, "ಬುಟ್ಟಿ ಎತ್ತಿ ಕೈ ಮುರ್ದವ್ರನ್ನ ನೀವ್ ಕಂಡಿದ್ರಿಯಾ ಮೇಷ್ಟ್ರೆ?" ಎಂದರು. ನಾನು ಇಲ್ಲವೆಂದೆ.

ಮರುವರ್ಷ ಕೆಮ್ಮಿ ಕೆಮ್ಮಿ ಪಕ್ಕೆಲುಬು ಮುರಿದುಕೊಂಡು ಬಂದಳು. ಅದಾಗಿ ಆರು ತಿಂಗಳಿಗೆ ಹೊಸಿಲು ದಾಟುವಾಗ ಕಾಲು. ಪ್ರತಿ ಸಲವೂ ಬಚ್ಚ ಜೊತೆಗಿರುತ್ತಿದ್ದ, ಈ ಎರಡು ಸಲವೂ ಶೆಟ್ಟರು ಅವನನ್ನು ಹೊರಗೆ ಕಳಿಸಿ ಪದ್ದುವನ್ನು ಕೇಳಿದರು.

"ಹೆದ್ರ್‌ಬೇಡ. ಅವ ಬಡ್ದದ್ದಾ?"

"ಇಲ್ಲ ಶೆಟ್ರೆ. ಅವ್ರ್ ಒಂದ್ ದಿನ ನನ್ ಮೇಲೆ ಕೈ ಮಾಡ್ಲಿಲ್ಲ."

ಬಡಿಸಿಕೊಂಡ ಹೆಂಗಸರೂ ಇದೇ ಮಾತು ಹೇಳುತ್ತಾರೆಂದು ಶೆಟ್ಟರಿಗೆ ಗೊತ್ತಿತ್ತು. ಹಾಗಾಗಿ ಅವಳು ಇಲ್ಲ ಎಂದಷ್ಟೂ ಅವರ ಸಂಶಯ ಬಲವಾಯಿತು. ಪದ್ದು ಸೊರಗಿದ್ದಳು, ಕಣ್ಣಲ್ಲಿ ಕಳೆಯಿರಲಿಲ್ಲ, ಮಾತು ನಡುವೆಯೇ ತಪ್ಪುತ್ತಿತ್ತು. ಅದನ್ನು ಅವರು ಗಂಡನ ಭಯ ಎಂದುಕೊಂಡರು. ಕೂತಲ್ಲೇ ಮೂರು ಚೆಂಬು ನೀರು ಕುಡಿದದ್ದನ್ನೂ ಹಾಗೆಯೇ ಅರ್ಥ ಮಾಡಿಕೊಂಡರು.

ಪದ್ದುವಿನ ಅಣ್ಣ ಲೀಲಾಧರ ಬೊಂಬಾಯಿಯ ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದ. ತಂಗಿಯ ಕಾಲು ಮುರಿದ ಕಾಗದ ತಲುಪಿ ಊರಿಗೆ ಬಂದವನು ನೇರ ಶೆಟ್ಟರ ಜಗಲಿ ಹತ್ತಿದ.

"ಎಲುಬು ಕಂಡವ್ರ್ ನೀವ್. ಸೀದಾ ಹೇಳಿ. ಬಚ್ಚ ಬಡ್ದದ್ದ್ ಹೌದಾ ಅಲ್ದಾ?"

"ನಂಗ್ ಹಾಂಗೇ ಕಾಣ್ತ್," ಎಂದರು ಶೆಟ್ಟರು.

ಅದೇ ಮಾತನ್ನು ಅವರು ಭಜನಾ ಮಂದಿರದ ಜಗಲಿಯಲ್ಲಿ ಹಿರಿಯರ ಮುಂದೆಯೂ ಹೇಳಿದರು. ನಾನು ಅಲ್ಲಿದ್ದೆ. ಬಚ್ಚ ಕೈಕಟ್ಟಿ ನಿಂತಿದ್ದ. ಅವನು ಕೂಗಾಡಲಿಲ್ಲ. "ನಾನ್ ಬಡೀಲಿಲ್ಲ. ಶೆಟ್ರ್ ಬಡ್ದದ್ದ್ ಅಂದ್ರೆ ನಾನ್ ಎಂತ ಹೇಳುದ್?" ಎಂದಷ್ಟೇ ಹೇಳಿದ. ಪದ್ದುವನ್ನು ತ್ರಾಸಿಯ ತಾಯಿಮನೆಗೆ ಕಳಿಸುವುದೆಂದು ತೀರ್ಮಾನವಾಯಿತು. ರಂಪಣಿಯವರು ಬಚ್ಚನನ್ನು ಹಗ್ಗ ಎಳೆಯಲು ಕರೆಯುವುದನ್ನು ಬಿಟ್ಟರು. ಅವನು ಒಬ್ಬನೇ ಹೊಳೆಯಲ್ಲಿ ಬೀಸುಬಲೆ ಹಾಕಿ ಹೊಟ್ಟೆ ಹೊರೆದ.

ಪದ್ದುವಿನ ಕಾಲಿನ ಕಟ್ಟು ಬದಲಿಸಲು ಶೆಟ್ಟರು ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ತ್ರಾಸಿಗೆ ಹೋಗಿ ಬರುತ್ತಿದ್ದರು. ಮೂರನೆಯ ಸಲ ನಾನೂ ಜೊತೆಗಿದ್ದೆ. ಬೆಳಗಿನ ಹತ್ತು ಗಂಟೆ ಇರಬಹುದು. ಪದ್ದು ಚಾಪೆಯ ಮೇಲೆ ಒರಗಿದ್ದಳು, ತಾಯಿ ಬೆನ್ನಿಗೆ ಕೂತಿದ್ದಳು, ಲೀಲಾಧರ ಬಾಗಿಲಲ್ಲಿ ನಿಂತಿದ್ದ. ಶೆಟ್ಟರು ಅವಳನ್ನು ಸರಿಯಾಗಿ ಕೂರಿಸಲು ಎಡಗೈ ತೋಳು ಹಿಡಿದು ಮೆಲ್ಲನೆ ಎತ್ತಿದರು. ಮಗುವನ್ನು ಎತ್ತುವಷ್ಟೇ ಬಲ. ಒಣಗಿದ ತೆಂಗಿನ ಗರಿ ಮುರಿದಂಥ ಸದ್ದು ಕೇಳಿಸಿತು. ಪದ್ದು ಕಿರುಚಲಿಲ್ಲ. ತೋಳನ್ನೇ ನೋಡಿದಳು. ಅದು ಇರಬಾರದ ಜಾಗದಲ್ಲಿ ಬಗ್ಗಿತ್ತು.

ಲೀಲಾಧರ ಒಳಗೆ ಬಂದು ಶೆಟ್ಟರ ರಟ್ಟೆ ಹಿಡಿದ. "ಎಂತ ಮಾಡ್ದ್ರಿ ನೀವ್?"

"ನಾನ್ ಎಂತ ಮಾಡ್ಲಿಲ್ಲ ಮಾರಾಯ. ಎತ್ತದ್ದ್ ಅಷ್ಟೇ."

"ಬಚ್ಚನೂ ಹಾಂಗೇ ಹೇಳದ್ದ್."

ಶೆಟ್ಟರು ರಟ್ಟೆ ಬಿಡಿಸಿಕೊಂಡು ತೋಳು ಕಟ್ಟಿದರು. ಕಟ್ಟುವಾಗ ಮೊದಲ ಸಲ ಪದ್ದುವನ್ನು ಬೇರೆ ಬಗೆಯಲ್ಲಿ ನೋಡಿದರೆಂದು ಕಾಣುತ್ತದೆ. ಅವಳ ಕೆಳದವಡೆಯ ಎಡಬದಿಯಲ್ಲಿ ಗೇರುಬೀಜದಷ್ಟು ಊತವಿತ್ತು. ಹಲ್ಲುನೋವೆಂದು ತಾಯಿ ಹೇಳಿದಳು. ವರ್ಷದಿಂದ ಸೊಂಟದ ಬದಿಯಲ್ಲಿ ನೋವು ಬಂದು ಹೊರಳಾಡುತ್ತಾಳೆ, ಎಷ್ಟು ನೀರು ಕುಡಿದರೂ ದಾಹ ತೀರದು, ಊಟ ಸೇರದು ಎಂದೂ ಹೇಳಿದಳು. ಶೆಟ್ಟರು ಒಂದೊಂದನ್ನೂ ಎರಡೆರಡು ಸಲ ಕೇಳಿದರು.

ಹಿಂದಿರುಗುವ ಬಸ್ಸಿನಲ್ಲಿ ಅವರು ತಮ್ಮ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕುಂದಾಪುರ ಬಂದಾಗ, "ನಾನ್ ಒತ್ಲಿಲ್ಲ ಮೇಷ್ಟ್ರೆ. ನೀವ್ ಕಂಡಿದ್ರಿ ಅಲ್ದಾ?" ಎಂದರು. ನಾನು ಕಂಡಿದ್ದೆ ಎಂದೆ. ಆದರೂ ಅವರು ಕೋಟೇಶ್ವರ ಬರುವಷ್ಟರಲ್ಲಿ ಅದನ್ನು ಇನ್ನೆರಡು ಸಲ ಕೇಳಿದರು.

ಮರುದಿನ ಅವರು ಬಚ್ಚನನ್ನು ಹುಡುಕಿಕೊಂಡು ಹೋದರು. ಅವನು ಮರಳಿನ ಮೇಲೆ ಬಲೆ ಹರಡಿ ಹರಿದ ಕಣ್ಣು ಹೆಣೆಯುತ್ತಿದ್ದ. ಶೆಟ್ಟರು ನಿಂತೇ ಹೇಳಿದರು.

"ನಾನ್ ಹೇಳದ್ದ್ ತಪ್ಪಾಯ್ತ್ ಬಚ್ಚ. ಅವ್ಳ ಮೂಳೆ ಒಳ್ಗಿಂದ್ಲೇ ಹಾಳಾಯ್ತ್ ಕಾಣ್ತ್. ನಿನ್ನೆ ನನ್ ಕೈಯಂಗೇ ಮುರೀತ್."

ಬಚ್ಚ ತಲೆಯೆತ್ತಲಿಲ್ಲ. "ಈಗ ನನ್ ಹತ್ರ ಎಂತಕ್ ಬಂದದ್ದ್? ಲೀಲಾಧರ ನಿಮ್ಮನ್ನ ಹಿಡ್ದ ಅಂತಾ?"

"ಹೌದ್, ಅದೂ ಇತ್ತ್," ಎಂದರು ಶೆಟ್ಟರು. "ದೊಡ್ಡಾಸ್ಪತ್ರೆಗೆ ಕರ್ಕೊಂಡ್ ಹೋಪ. ನೀನ್ ಗಂಡ, ನೀನ್ ಬರ್ದಿದ್ರೆ ಅಲ್ಲಿ ಕೆಲ್ಸ ಆತಿಲ್ಲ."

ಬಚ್ಚ ಬಹಳ ಹೊತ್ತು ಹೆಣೆಯುತ್ತಲೇ ಇದ್ದ. ಕೊನೆಗೆ, "ಬತ್ತೆ. ನಿಮ್ಗೋಸ್ಕರ ಅಲ್ಲ," ಎಂದ.

ಅರವತ್ತಾರರ ಜನವರಿಯಲ್ಲಿ ನಾವು ಹೊರಟೆವು. ಬಸ್ಸಿನ ಹಿಂದಿನ ಸೀಟಿನ ಉದ್ದಕ್ಕೆ ಹಾಸಿಗೆ ಹಾಕಿ ಪದ್ದುವನ್ನು ಮಲಗಿಸಿದ್ದೆವು. ಸಾಸ್ತಾನ, ಬ್ರಹ್ಮಾವರ ದಾಟಿ ಮಂಗಳೂರು ತಲುಪುವವರೆಗೂ ಬಚ್ಚ ನೆಲದ ಮೇಲೆ ಕೂತು ಅವಳ ಕಾಲು ಹಿಡಿದುಕೊಂಡಿದ್ದ. ನನ್ನನ್ನು ಶೆಟ್ಟರು ಕರೆತಂದದ್ದು ಇಂಗ್ಲಿಷ್ ಓದಲು. ಆಸ್ಪತ್ರೆಯವರು ಕೈಕಾಲು ಕತ್ತರಿಸುವ ಕಾಗದಕ್ಕೆ ಮೋಸದಿಂದ ಸಹಿ ಹಾಕಿಸಿಕೊಳ್ಳುತ್ತಾರೆಂದು ಅವರ ಗಟ್ಟಿ ನಂಬಿಕೆ. ಅಲ್ಲಿದ್ದ ಹದಿನೆಂಟು ದಿನದಲ್ಲಿ ಒಂದು ಔಷಧದ ಚೀಟಿಯನ್ನೂ ಅವರು ನನಗೆ ತೋರಿಸದೆ ಬಿಡಲಿಲ್ಲ.

ಡಾಕ್ಟರ್ ಭೋಜರಾಜ ಎಂಬವರು ಪದ್ದುವನ್ನು ನೋಡಿದರು. ನಲವತ್ತರ ಆಸುಪಾಸಿನ, ಮೆಲುದನಿಯ ಮನುಷ್ಯ. ಅವರೂ ಮೊದಲು ಬಚ್ಚನನ್ನು ಹೊರಗೆ ಕಳಿಸಿ ಪದ್ದುವಿನ ಬಳಿ ಶೆಟ್ಟರು ಕೇಳಿದ್ದನ್ನೇ ಕೇಳಿದರು. ಬಚ್ಚ ಹೊರಗಿನ ಬೆಂಚಿನಲ್ಲಿ ಗೋಡೆ ನೋಡುತ್ತ ಕೂತಿದ್ದ. ಆಮೇಲೆ ಎಕ್ಸ್‌ರೇ ತೆಗೆದರು. ಡಾಕ್ಟರು ಮುರಿದ ತೋಳಿನ ಪಟಕ್ಕಿಂತ ಹೆಚ್ಚು ಹೊತ್ತು, ನೋವೇ ಇಲ್ಲದ ಬೆರಳುಗಳ ಪಟವನ್ನು ನೋಡಿದರು. ಬೆರಳ ಮೂಳೆಯ ಅಂಚು ನೇರವಾಗಿರಲಿಲ್ಲ. ಗೆದ್ದಲು ಹಿಡಿದ ಹಂಚಿನ ಮಾಡಿನ ರೀಪಿನಂತೆ ತರಿತರಿಯಾಗಿತ್ತು.

"ಇದು ಪೆಟ್ಟಲ್ಲ," ಎಂದರು ಡಾಕ್ಟರು. "ಇದನ್ನು ಯಾರೋ ತಿಂತಾ ಇದ್ದಾರೆ."

ಬಚ್ಚನನ್ನು ಒಳಗೆ ಕರೆದು ಅದೇ ಮಾತನ್ನು ಅವನಿಗೂ ಹೇಳಿದರು. ಅವನು ಎಕ್ಸ್‌ರೇಯನ್ನು ನೋಡಲಿಲ್ಲ, ಶೆಟ್ಟರನ್ನು ನೋಡಿದ.

ದವಡೆಯ ಊತದಿಂದ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ನಾಲ್ಕನೆಯ ದಿನ ಶೆಟ್ಟರು ಡಾಕ್ಟರ ಕೋಣೆಯಲ್ಲಿ ಹಟ ಹಿಡಿದು ಕೂತರು. ತಿನ್ನುವವರು ಯಾರೆಂದು ಕಣ್ಣಿಂದ ಕಾಣದೆ ಏಳುವುದಿಲ್ಲ ಎಂದರು. ಡಾಕ್ಟರಿಗೆ ನಗು ಬಂತು. ಒಂದು ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟು ಅವರನ್ನು ಸ್ಟೂಲಿನ ಮೇಲೆ ಕೂರಿಸಿದರು. ಶೆಟ್ಟರು ನೋಡಿದರು, ನಾನು ನೋಡಿದೆ, ಬಚ್ಚನೂ ನೋಡಿದ. ನೇರಳೆ ಬಣ್ಣದಲ್ಲಿ ಸಣ್ಣ ಸಣ್ಣ ಕಾಳುಗಳು. ಅವುಗಳ ನಡುವೆ ಅಲ್ಲಲ್ಲಿ ದೊಡ್ಡ ಬೊಟ್ಟುಗಳು, ಒಂದೊಂದರ ಹೊಟ್ಟೆಯಲ್ಲೂ ಹತ್ತಿಪ್ಪತ್ತು ಚುಕ್ಕೆ.

"ಮೀನ್ ಮೊಟ್ಟೆ ಹಾಂಗೆ ಇತ್ತ್," ಎಂದ ಬಚ್ಚ.

"ಮೂಳೆ ತಿನ್ನುವ ಕೋಶ ಇವೇ," ಎಂದರು ಡಾಕ್ಟರು. "ಸಣ್ಣ ಕೋಶಗಳು ಹಲವು ಸೇರಿ, ಮೈ ಒಂದಾಗಿ, ಇಷ್ಟು ದೊಡ್ಡದಾಗ್ತವೆ. ಅದಕ್ಕೇ ಒಂದರೊಳಗೆ ಅಷ್ಟು ಚುಕ್ಕೆ. ಆ ಸಣ್ಣವು ಮೂಳೆಯಲ್ಲೇ ಹುಟ್ಟಿದವೋ, ರಕ್ತದಲ್ಲಿ ತೇಲಿ ಬಂದವೋ, ಅದರಲ್ಲಿ ದೊಡ್ಡ ದೊಡ್ಡ ಪಂಡಿತರಿಗೇ ಒಮ್ಮತ ಇಲ್ಲ. ನನಗೆ ರಕ್ತದ ಮೇಲೆ ಗುಮಾನಿ. ಹೇಗೂ ಆಗಲಿ, ಬಂದು ಮೂಳೆಗೆ ಅಂಟಿ ಕೂರ್ತವೆ. ಹುಳಿಯಂಥದ್ದೇನೋ ಬಿಟ್ಟು ಅಲ್ಲಿನ ಸುಣ್ಣ ಕರಗಿಸಿ ಗುಂಡಿ ಮಾಡ್ತವೆ."

"ಇವ್ಳ ಮೈಯೊಳ್ಗೆ ಇದ್ ಹೊಕ್ಕದ್ದ್ ಹ್ಯಾಂಗೆ?" ಎಂದರು ಶೆಟ್ಟರು.

"ಹೊಕ್ಕದ್ದಲ್ಲ. ನಿಮ್ಮ ಮೈಯಲ್ಲೂ ಉಂಟು, ನನ್ನ ಮೈಯಲ್ಲೂ ಉಂಟು."

ಶೆಟ್ಟರು ತಮ್ಮ ಮೊಣಕೈ ಮುಟ್ಟಿ ನೋಡಿಕೊಂಡರು. "ಇದನ್ನೆಲ್ಲ ಕೊಂದ್ ಹಾಕುಕೆ ಮದ್ದ್ ಇಲ್ಯಾ?"

"ಕೊಂದರೆ ನಿಮ್ಮ ಕಸುಬೇ ನಿಲ್ತದೆ, ಶೆಟ್ರೆ. ನೀವು ಕಟ್ಟಿದ ಮೂಳೆ ಕೂಡಿದ ಮೇಲೆ ಅಲ್ಲೊಂದು ಗಂಟು ಏಳ್ತದಲ್ಲ? ಮಕ್ಕಳಲ್ಲಿ ಆ ಗಂಟು ವರ್ಷ ಕಳೆದ ಮೇಲೆ ಎಲ್ಲಿ ಹೋಗ್ತದೆ?"

"ನಾನ್ ಎಣ್ಣೆ ಹಾಕಿ ತಿಕ್ತೆ. ಅದ್ರಿಂದ್ಲೇ ಕರಗ್ತ್."

"ಎಣ್ಣೆ ಹಾಕದ ಮಕ್ಕಳಲ್ಲಿ?"

ಸಾಲಿಗ್ರಾಮದ ಒಂದು ಮಗು ಕಟ್ಟು ಬಿಚ್ಚಿದ ಮೇಲೆ ಎಣ್ಣೆಗೆ ಬರಲೇ ಇಲ್ಲವೆಂದು, ಎರಡು ವರ್ಷದ ಮೇಲೆ ಯಾವುದೋ ಮದುವೆಯಲ್ಲಿ ಅದರ ಕೈ ಹಿಡಿದು ನೋಡಿದರೆ ಗಂಟಿನ ಗುರುತೇ ಇರಲಿಲ್ಲವೆಂದು ಶೆಟ್ಟರು ನನಗೆ ಆಮೇಲೆ ಹೇಳಿದರು. ಆ ದಿನ ಅದು ತಮ್ಮ ಕೈಗುಣ ಎಂದುಕೊಂಡಿದ್ದರಂತೆ.

ಡಾಕ್ಟರು ಮುಂದುವರಿಸಿದರು. ತಿನ್ನುವ ಕೋಶ ಹಳೆಯದನ್ನು ತೆಗೆದ ಜಾಗಕ್ಕೆ ಕಟ್ಟುವ ಕೋಶ ಬಂದು ಹೊಸದು ತುಂಬುತ್ತದೆ. ಹುಟ್ಟಿದಂದಿನಿಂದ ಸಾಯುವವರೆಗೆ ಇದು ನಡೆಯುತ್ತಲೇ ಇರುತ್ತದೆ. ತಿನ್ನುವುದು ಮತ್ತು ಕಟ್ಟುವುದು ಸರಿಸಮ ಇರುವಷ್ಟು ಕಾಲ ಮೂಳೆ ಗಟ್ಟಿ. ಪದ್ದುವಿನ ಮೈಯಲ್ಲಿ ತಿನ್ನುವವು ಮಿತಿಮೀರಿ ಹುಟ್ಟಿವೆ, ಕಟ್ಟುವವಕ್ಕೆ ಅವುಗಳ ಸರಿಗಟ್ಟಲು ಆಗುತ್ತಿಲ್ಲ. ಕರಗಿದ ಸುಣ್ಣ ರಕ್ತಕ್ಕೆ ಸೇರಿ, ಅಲ್ಲಿಂದ ಮೂತ್ರಪಿಂಡಕ್ಕೆ ಇಳಿದು ಕಲ್ಲಾಗಿದೆ. ಸೊಂಟದ ನೋವು ಅದೇ. ದಾಹವೂ ಅದರಿಂದಲೇ.

"ಆದರೆ ಇವು ತಾವಾಗಿ ಹೀಗೆ ಮಾಡುವವಲ್ಲ. ಹಿಂದೆ ನಿಂತು ಅಪ್ಪಣೆ ಕೊಡುವವ ಬೇರೆ ಇದ್ದಾನೆ," ಎಂದು ಡಾಕ್ಟರು ತಮ್ಮ ಗಂಟಲಿನ ಬುಡ ಮುಟ್ಟಿ ತೋರಿಸಿದರು. ಅಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ನಾಲ್ಕು ಗ್ರಂಥಿಗಳಿರುತ್ತವೆ. ರಕ್ತದಲ್ಲಿ ಸುಣ್ಣ ಕಡಿಮೆಯಾದಾಗ ಅವು ಒಂದು ರಸ ಬಿಡುತ್ತವೆ, ಆಗ ಮೂಳೆಯಿಂದ ಸುಣ್ಣ ಇಳಿಯುತ್ತದೆ. ಪದ್ದುವಿನ ಒಂದು ಗ್ರಂಥಿ ಊದಿಕೊಂಡು ಬೇಕು ಬೇಡ ನೋಡದೆ ರಸ ಸುರಿಸುತ್ತಿರಬೇಕು. ಅದನ್ನು ತೆಗೆಯಬೇಕು.

ಕಾಲು ಮುರಿದವಳ ಕುತ್ತಿಗೆ ಕುಯ್ಯುತ್ತಾರೆ ಎಂಬ ಮಾತು ಶೆಟ್ಟರಿಗೆ ಸೇರಲಿಲ್ಲ. "ನೀವ್ ಆ ಗ್ರಂಥಿ ಕಂಡಿದ್ರಿಯಾ?" ಎಂದರು. ಇಲ್ಲ, ಕುಯ್ದ ಮೇಲೆಯೇ ಕಾಣುವುದು ಎಂದರು ಡಾಕ್ಟರು. ಶೆಟ್ಟರು ಎದ್ದು ಹೊರಗೆ ಹೋದರು. ಬಚ್ಚ ಒಪ್ಪಿಗೆಯ ಕಾಗದವನ್ನು ನನ್ನಿಂದ ಓದಿಸಿ, ಪದ್ದುವಿನ ಬಳಿ ಹೋಗಿ ಕೇಳಿದ. ಅವಳು, "ಹೀಂಗೆ ಮಲ್ಗುಕಿಂತ ಕೊಯ್ಲಿ," ಎಂದಳು. ಅವನು ಹೆಬ್ಬೆಟ್ಟು ಒತ್ತಿದ.

ಗ್ರಂಥಿ ಸಿಕ್ಕಿತು. ಹುಣಸೆ ಬೀಜಕ್ಕಿಂತ ದೊಡ್ಡದು, ಕಂದು ಬಣ್ಣದ್ದು. ಡಾಕ್ಟರು ಅದನ್ನು ಶೀಸೆಯಲ್ಲಿ ತಂದು ಶೆಟ್ಟರಿಗೇ ತೋರಿಸಿದರು. ಶೆಟ್ಟರು ಶೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ ಅವ್ಳದ್ದೇ ಹೌದಾ?" ಎಂದರು.

ಶಸ್ತ್ರಕ್ರಿಯೆಯಾದ ಮೂರನೆಯ ದಿನ ಬೆಳಿಗ್ಗೆ ಪದ್ದುವಿನ ತುಟಿಯ ಸುತ್ತ ಇರುವೆ ಹರಿದಂತಾಯಿತು. ಮಧ್ಯಾಹ್ನದ ಗಂಜಿಗೆ ಎದ್ದು ಕೂತಾಗ ಕೈಬೆರಳುಗಳು ತಾವಾಗಿ ಒಳಕ್ಕೆ ಮಡಚಿ ಸೆಟೆದವು, ಬಿಡಿಸಲು ಆಗಲಿಲ್ಲ. ಮುಖದ ಸ್ನಾಯು ಸೆಳೆಯಿತು. ನರ್ಸು ಓಡಿದಳು. ಡಾಕ್ಟರು ಇಂಜೆಕ್ಷನ್ ಹಿಡಿದು ಬಂದಾಗ ಶೆಟ್ಟರು ಮಂಚಕ್ಕೆ ಅಡ್ಡ ನಿಂತಿದ್ದರು.

"ಕುತ್ಗಿ ನರ ಕಡ್ದ್ ಹಾಕಿದ್ರಿ ನೀವ್. ಈಗ ಸೂಜಿ ಚುಚ್ಚಿ ಮುಗ್ಸುಕಾ?"

"ಶೆಟ್ರೆ, ಇದು ಸುಣ್ಣದ ಸತ್ವ. ಗ್ರಂಥಿ ಹೋದದ್ದೇ ತಿನ್ನುವವು ನಿಂತವು. ಕಟ್ಟುವವು ನಿಂತಿಲ್ಲ. ಹಸಿದ ಮೂಳೆ ರಕ್ತದ ಸುಣ್ಣವನ್ನೆಲ್ಲ ಎಳೀತಾ ಉಂಟು. ಅದಕ್ಕೇ ಕೈ ಸೆಟೆದದ್ದು. ತಡ ಮಾಡಿದರೆ ಉಸಿರೂ ಕಟ್ಟಬಹುದು."

"ನಾನ್ ನಂಬುದಿಲ್ಲ," ಎಂದರು ಶೆಟ್ಟರು.

ಬಚ್ಚ ಮೂಲೆಯಿಂದ ಎದ್ದು ಬಂದ. ಮಂಗಳೂರಿಗೆ ಬಂದ ಮೇಲೆ ಅವನು ಶೆಟ್ಟರ ಜೊತೆ ಹತ್ತು ಮಾತೂ ಆಡಿರಲಿಲ್ಲ.

"ಬದೀಗ್ ನಿಲ್ಲಿ ಶೆಟ್ರೆ. ನೀವ್ ನಂಬ್ದೆ ಇದ್ದದ್ದ್ ಒಂದ್ಸಲ ಸಾಕ್."

ಶೆಟ್ಟರು ಬದಿಗೆ ಸರಿದರು. ಡಾಕ್ಟರು ಮದ್ದನ್ನು ನರಕ್ಕೆ ಬಹಳ ನಿಧಾನವಾಗಿ ಬಿಟ್ಟರು. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಹತ್ತು ನಿಮಿಷ ಆಗಿರಲಿಕ್ಕಿಲ್ಲ, ಪದ್ದುವಿನ ಬೆರಳು ಒಂದೊಂದಾಗಿ ಸಡಿಲವಾಯಿತು. ಅವಳು ಅಂಗೈ ಬಿಡಿಸಿ ನೋಡಿಕೊಂಡು ನೀರು ಕೇಳಿದಳು. ಶೆಟ್ಟರು ಹೊರಗಿನ ಬೆಂಚಿನಲ್ಲಿ, ಬಚ್ಚ ದಿನವೂ ಕೂರುತ್ತಿದ್ದ ಜಾಗದಲ್ಲಿ, ಸಂಜೆಯವರೆಗೆ ಕೂತಿದ್ದರು.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಪದ್ದುವಿನ ತೋಳು, ಕಾಲು ಎರಡೂ ಕೂಡಿದವು. ದವಡೆಯ ಊತ ಮುಟ್ಟದೆಯೇ ಇಳಿಯಿತು. ಎಡಗಾಲು ಒಂದು ಬೆರಳಗಲ ಗಿಡ್ಡವಾಗಿಯೇ ಉಳಿದದ್ದರಿಂದ ಕುಂದಾಪುರದವರೆಗೆ ಹೊರೆ ಹೊತ್ತು ನಡೆಯಲಾಗಲಿಲ್ಲ. ಬಚ್ಚನ ಮನೆಗೆ ಮರಳಿ, ಕೋಟೇಶ್ವರದ ಸಂತೆಯಲ್ಲಿ ಕೂತು ಒಣಮೀನು ಮಾರಿದಳು.

ಶೆಟ್ಟರು ಭಜನಾ ಮಂದಿರದ ಜಗಲಿಗೆ ಮತ್ತೆ ಹೋದರು. ಹಿರಿಯರು ಕರೆದಿರಲಿಲ್ಲ. ತಾವು ಹಿಂದೆ ಹೇಳಿದ್ದು ಸುಳ್ಳು, ಬಚ್ಚ ಬಡಿದವನಲ್ಲ ಎಂದು ಎಲ್ಲರ ಮುಂದೆ ಹೇಳಿದರು. ರಂಪಣಿಯವರು ಬಚ್ಚನನ್ನು ಮತ್ತೆ ಹಗ್ಗಕ್ಕೆ ಸೇರಿಸಿಕೊಂಡರು. ಆದರೆ ಎಲ್ಲರ ಮನಸ್ಸಿನಿಂದ ಅದು ಹೋಗಲಿಲ್ಲ. ಬೆಂಕಿಯಿಲ್ಲದೆ ಹೊಗೆ ಏಳುತ್ತದೆಯೇ ಎಂದು ನಾಲ್ಕಾರು ವರ್ಷದ ಮೇಲೂ ಸಂತೆಯಲ್ಲಿ ಹೆಂಗಸರು ಮಾತಾಡುವುದನ್ನು ಪದ್ದುವೇ ಕೇಳಿದ್ದಳು. ಲೀಲಾಧರ ಬೊಂಬಾಯಿಯಿಂದ ತಂಗಿಗೆ ಕಾಗದ ಬರೆಯುವಾಗ ಬಚ್ಚನ ಸುದ್ದಿ ಕೇಳುತ್ತಿರಲಿಲ್ಲ.

ಶೆಟ್ಟರು ಮೂಳೆ ಕಟ್ಟುವುದನ್ನು ಬಿಡಲಿಲ್ಲ. ಹೇಗೆ ಬಿದ್ದದ್ದು ಎಂದು ಕೇಳುವುದರ ಜೊತೆಗೆ, ನೀರು ಎಷ್ಟು ಕುಡಿಯುತ್ತೀರಿ, ಸೊಂಟದಲ್ಲಿ ನೋವುಂಟೇ, ಹಿಂದೆ ಎಷ್ಟು ಸಲ ಮುರಿದಿದೆ ಎಂದು ಕೇಳತೊಡಗಿದರು. ಸಂಶಯ ಬಂದವರನ್ನು ಮುಟ್ಟದೆ, ನನ್ನಿಂದ ಒಂದು ಚೀಟಿ ಬರೆಸಿ ಮಂಗಳೂರಿಗೆ ಕಳಿಸುತ್ತಿದ್ದರು. ಪದ್ದುವಿನ ಕಾಯಿಲೆ ಇನ್ನೊಬ್ಬರಲ್ಲಿ ಸಿಗಲಿಲ್ಲ. ಆದರೆ ಕ್ಷಯ ಹಿಡಿದ ಮೂಳೆ ಎರಡು ಸಿಕ್ಕಿತು, ಇಬ್ಬರೂ ಉಳಿದರು. ತೆಕ್ಕಟ್ಟೆಯ ಮಾವನಂಥವರು ಮತ್ತೆ ಬಂದಾಗ ಮಾತ್ರ, ಅದು ಬಡಿದದ್ದೇ ಎಂದು ಬೆರಳಿಗೆ ತಿಳಿದರೂ, ಅವರು ಜಗಲಿಯ ಮೇಲೆ ತೀರ್ಪು ಹೇಳಲು ಹೋಗಲಿಲ್ಲ. ಅದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ.

ಎಪ್ಪತ್ತೊಂದರಲ್ಲಿ ಬಚ್ಚ ದೋಣಿಗೂ ಮರಳಿಗೂ ನಡುವೆ ಸಿಕ್ಕಿ ಕಾಲು ಮುರಿದುಕೊಂಡ. ಶೆಟ್ಟರ ಮನೆ ಕೂಗಳತೆಯಲ್ಲಿತ್ತು. ಅವನು ಸಾಸ್ತಾನ ಕಡೆಯ ಬೇರೆ ಒಬ್ಬರ ಹತ್ತಿರ ಕಟ್ಟಿಸಿಕೊಂಡ. ಮೂಳೆ ಸೊಟ್ಟ ಕೂಡಿತು. ಎರಡು ತಿಂಗಳ ಮೇಲೆ ಪದ್ದು ಬಂದು ಜಗಲಿಯ ಕೆಳಗೆ ನಿಂತಳು.

"ಹ್ವಾಯ್ ಶೆಟ್ರೆ, ಒಂದ್ಸಲ ಬಂದ್ ಕಾಣಿ. ಅವ್ರ್ ಕರೀಲಿಲ್ಲ, ನಾನ್ ಕರ್ದದ್ದ್."

ಶೆಟ್ಟರು ಹೋದರು. ಬಚ್ಚ ಬೇಡವೆನ್ನಲಿಲ್ಲ, ಬನ್ನಿ ಎನ್ನಲಿಲ್ಲ, ಕಾಲು ಮುಂದೆ ಚಾಚಿದ. ಶೆಟ್ಟರು ಗಂಟಿನ ಸುತ್ತ ಬೆರಳಾಡಿಸಿ, ಮಕ್ಕಳ ಮೂಳೆಯಾಗಿದ್ದರೆ ತಾನಾಗಿ ನೇರವಾಗುತ್ತಿತ್ತು, ಇದು ಸ್ವಲ್ಪ ಸೊಟ್ಟವೇ ಉಳಿಯುತ್ತದೆ, ನಡೆಯಲು ತೊಂದರೆಯಿಲ್ಲ ಎಂದರು. ಎಣ್ಣೆ ಬೇಕೇ ಎಂದು ಪದ್ದು ಕೇಳಿದಳು. ಹಾಕಿದರೆ ನೋವಿಗೆ ಹಿತ, ಗಂಟಿಗೆ ಏನೂ ಆಗದು ಎಂದರು. ಅಷ್ಟು ಹೊತ್ತೂ ಬಚ್ಚ ಶೆಟ್ಟರ ಎರಡು ಕೈಯನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ.